ಹಿಮ ಕೂತ ಸದ್ದು

ಆ ಜನವರಿಯಲ್ಲಿ ನಮ್ಮ ಕಂಬ ಸುಮ್ಮನಾಯಿತು. ಸಿಯಾಟಲ್ಲಿನ ಪೂರ್ವಕ್ಕೆ ಬೆಟ್ಟಸಾಲು ದಾಟುವ ಹಾದಿಯಾದ ಸ್ನೊಕ್ವಾಲ್ಮಿ ಪಾಸಿನಿಂದಾಚೆ, ರಸ್ತೆಯಿಲ್ಲದ ಒಂದು ಬೆಟ್ಟದ ಹೆಗಲ ಮೇಲೆ ನಿಂತಿದ್ದ ಕಬ್ಬಿಣದ ಕಂಬ ಅದು. ಗಾಳಿ ಎಷ್ಟು, ಚಳಿ ಎಷ್ಟು, ಬುಡದಲ್ಲಿ ಹಿಮ ಎಷ್ಟು ಬಿದ್ದಿದೆ ಎಂದು ಅಳೆಯುವ ಉಪಕರಣಗಳು ಅದರ ಮೇಲಿದ್ದವು. ಕಂಬಕ್ಕೆ ಬಿಗಿದ ಪೆಟ್ಟಿಗೆಯೊಳಗಿನ ಲಾಗರ್ ಆ ಅಂಕಿಗಳನ್ನು ದಾಖಲಿಸಿ ಗಂಟೆಗೊಮ್ಮೆ ಈಸ್ಟ್‌ಗೇಟಿನ ನಮ್ಮ ಆಫೀಸಿಗೆ ಕಳಿಸುತ್ತಿತ್ತು. ಲಾಗರಿನೊಳಗೆ ಓಡುವ ಪ್ರೋಗ್ರಾಂ ಬರೆದವಳು ನಾನು. ಆಫೀಸಿನಿಂದಲೇ ರೀಸ್ಟಾರ್ಟ್ ಮಾಡಿ ನೋಡಿದೆ, ಬೇರೆ ದಾರಿಯಲ್ಲಿ ಸಂಪರ್ಕ ಮಾಡಿ ನೋಡಿದೆ, ಬೈದೂ ನೋಡಿದೆ. ಉತ್ತರವಿಲ್ಲ. ಯಾರಾದರೂ ಹೋಗಿ ಪೆಟ್ಟಿಗೆ ತೆರೆದು ಲ್ಯಾಪ್‌ಟಾಪ್ ಜೋಡಿಸಬೇಕಿತ್ತು. ಆ ಪ್ರೋಗ್ರಾಮಿನ ಹೊಟ್ಟೆಯಲ್ಲಿ ಏನಿದೆಯೆಂದು ಗೊತ್ತಿದ್ದವಳು ನಾನೊಬ್ಬಳೇ ಆದ್ದರಿಂದ ಆ ಯಾರಾದರೂ ನಾನೇ ಆದೆ.

ಬೇಸಿಗೆಯಲ್ಲಾದರೆ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಗೆ ಮನೆ ಸೇರಬಹುದಾದ ದಾರಿ. ಚಳಿಗಾಲದಲ್ಲಿ ಅದೇ ದಾರಿಯ ಮೇಲೆ ಆಳೆತ್ತರ ಮೀರಿದ ಹಿಮ. ಸಾಮಾನು ಹೊತ್ತು ಒಂದೇ ಹಗಲಿನಲ್ಲಿ ಹೋಗಿ ಬರಬೇಕೆಂದರೆ ಸ್ಕೀ ಟೂರಿಂಗ್ ಒಂದೇ ಉಪಾಯ. ತಂತಿಗೆ ತೂಗುಬಿಟ್ಟ ಕುರ್ಚಿಯಲ್ಲಿ ಕೂತು ಮೇಲೆ ಹೋಗಿ ಜಾರಿಕೊಂಡು ಇಳಿಯುವುದಲ್ಲ ಇದು. ಸ್ಕೀ ತೊಟ್ಟುಕೊಂಡೇ ಬೆಟ್ಟ ಹತ್ತುವುದು. ನನಗೆ ಕುರ್ಚಿಯ ಸ್ಕೀ ಕೂಡ ನಾಲ್ಕಾರು ಸಲ ಬಿದ್ದೆದ್ದು ಕಲಿತಷ್ಟೇ ಗೊತ್ತಿತ್ತು. ಮಂಡ್ಯದಲ್ಲಿ ಹುಟ್ಟಿದವಳಿಗೆ ಅಷ್ಟು ಬರುತ್ತಿದ್ದದ್ದೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ನನ್ನನ್ನೇ ಕಳಿಸಬೇಕೆಂದು ಹಟ ಹಿಡಿದವರು ನಮ್ಮ ಮ್ಯಾನೇಜರ್. ಮೈಸೂರಿನವರು, ಐವತ್ತು ದಾಟಿದವರು, ಮಾತು ಮೆತ್ತಗೆ, ಹಟ ಗಟ್ಟಿ. ಮೀಟಿಂಗಿನಲ್ಲಿ ಇಂಗ್ಲಿಷಿನಲ್ಲಿ ಮಾತಾಡುವಾಗ ಎಲ್ಲರ ಹಾಗೆ ನಾನೂ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದೆ. ಮೀಟಿಂಗ್ ಮುಗಿದು ಕಾರಿಡಾರಿನಲ್ಲಿ ಕನ್ನಡಕ್ಕೆ ಇಳಿದ ಕೂಡಲೇ ಅವರು ಸರ್ ಆಗುತ್ತಿದ್ದರು, ನಾನು ‘ನೋಡಮ್ಮ’ ಆಗುತ್ತಿದ್ದೆ. ಹಾಗೆ ಮಾಡಬೇಕೆಂದು ಯಾರೂ ಹೇಳಿರಲಿಲ್ಲ, ಬಾಯಿಗೆ ತಾನಾಗಿ ಬರುತ್ತಿತ್ತು. ಬೆಟ್ಟಕ್ಕೆ ಹೋಗುವ ಕೆಲಸವೆಲ್ಲ ಇಲ್ಲಿಯವರಿಗೆ, ಮೇಜಿನ ಮುಂದಿನ ಕೆಲಸವೆಲ್ಲ ನಮ್ಮವರಿಗೆ ಎನ್ನುವ ಆಫೀಸಿನ ರೂಢಿ ಅವರಿಗೆ ವರ್ಷಗಳಿಂದ ಚುಚ್ಚುತ್ತಿತ್ತು. ಬೆಟ್ಟ ನೋಡಿ ಬಂದವರ ಮಾತಿಗೇ ಮೀಟಿಂಗಿನಲ್ಲಿ ತೂಕ ಜಾಸ್ತಿ ಎಂಬುದು ನಿಜವೂ ಆಗಿತ್ತು. ಅದಕ್ಕಾಗಿ ಆ ವಯಸ್ಸಿನಲ್ಲಿ ಅವರು ಸ್ಕೀ ಟೂರಿಂಗ್ ಕಲಿತಿದ್ದರು. ಮೇಲಿನವರ ಬೆನ್ನು ಬಿದ್ದು, ಕೋಡ್ ಬರೆದವಳೇ ಹೋಗಿ ಸರಿಮಾಡುತ್ತಾಳೆ, ಜೊತೆಗೆ ನಾನೂ ಹೋಗುತ್ತೇನೆ ಎಂದು ಒಪ್ಪಿಸಿ ಬಂದರು. ನನಗೆ ಹೆಮ್ಮೆಯಾಯಿತು. 

ನಮ್ಮನ್ನು ಕರೆದೊಯ್ಯಬೇಕಾದವಳು ಫೀಲ್ಡ್ ತಂಡದ ಮುಖ್ಯಸ್ಥೆ, ಆಫೀಸಿನ ಮಾತಿನಲ್ಲಿ ಲೀಡ್. ಇಲ್ಲಿಯವಳೇ, ಸರ್‌ಗಿಂತ ಒಂದೆರಡು ವರ್ಷ ದೊಡ್ಡವಳು. ‘ಅವಳು’ ಎಂದು ಬರೆಯುತ್ತಿರುವುದು ಅಗೌರವದಿಂದಲ್ಲ. ಹೆಸರು ಹಿಡಿದು ಕರೆದು ಅಭ್ಯಾಸವಾದವಳನ್ನು ಬಹುವಚನಕ್ಕೆ ಏರಿಸಿದರೆ ಬೇರೆ ಯಾರೋ ಎನ್ನಿಸುತ್ತದೆ. ನಗುವುದು ಕಡಿಮೆ. ಸಮಾಧಾನ ಹೇಳುವುದಂತೂ ಅವಳಿಗೆ ಬರುತ್ತಲೇ ಇರಲಿಲ್ಲ.

ಕಲಿಕೆ ಶುರುವಾದದ್ದು ಟೋಟೆಮ್ ಲೇಕಿನ ನನ್ನ ಅಪಾರ್ಟ್‌ಮೆಂಟಿನ ಕಾರ್ಪೆಟ್ ಮೇಲೆ. ಸ್ಕೀಯ ತಳಕ್ಕೆ ಸ್ಕಿನ್ ಎಂಬ ಉದ್ದನೆಯ ಪಟ್ಟಿ ಅಂಟಿಸಬೇಕು. ಅದರ ಒಂದು ಕಡೆ ಅಂಟು, ಇನ್ನೊಂದು ಕಡೆ ಒಂದೇ ದಿಕ್ಕಿಗೆ ಮಲಗಿದ ಗಿಡ್ಡ ಕೂದಲು. ಹೀಗಾಗಿ ಸ್ಕೀ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಬೂಟಿನ ಮೂತಿ ಮಾತ್ರ, ಸ್ಕೀ ಮೇಲೆ ಬೂಟನ್ನು ಹಿಡಿದಿಡುವ ಬೈಂಡಿಂಗಿನ ಎರಡು ಮುಳ್ಳುಗಳ ನಡುವೆ ಕಚ್ಚಿಕೊಂಡು ಹಿಮ್ಮಡಿ ಬಿಡುವಾಗಿರುತ್ತದೆ. ಆ ಮುಳ್ಳುಗಳಿಗೆ ಬೂಟು ಸಿಕ್ಕಿಸುವುದನ್ನು ಕಣ್ಣು ಮಂಜಾದವರು ಸೂಜಿಗೆ ದಾರ ಪೋಣಿಸುವಷ್ಟು ಹೊತ್ತು ಮಾಡಿದೆ. ಕಡಿದಾದ ಕಡೆ ನೇರ ಹತ್ತಲಾಗದೆ ಅಡ್ಡಡ್ಡ ಹೋಗಿ, ಕೊನೆಯಲ್ಲಿ ಒಂದು ಕಾಲನ್ನು ಎತ್ತಿ ಪೂರ್ತಿ ಹಿಂದುಮುಂದಾಗಿ ತಿರುಗಿಸಿಟ್ಟು, ಇನ್ನೊಂದನ್ನು ಎಳೆದುಕೊಳ್ಳಬೇಕು. ಅದನ್ನು ಸೋಫಾದ ಪಕ್ಕ ಅಭ್ಯಾಸ ಮಾಡುವಾಗ ಮಗುಚಿ ಬಿದ್ದು, ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದರು. ಸ್ಕೀ ತೊಟ್ಟುಕೊಂಡೇ ಹೋಗಿ ಬಾಗಿಲು ತೆಗೆದೆ. ಆಮೇಲೆ ಅವರು ದೂರು ಹೇಳಲು ಬರಲಿಲ್ಲ.

ಶನಿವಾರ ಭಾನುವಾರ ಪಾಸಿಗೆ ಹೋಗಿ ನಿಜವಾದ ಹಿಮದ ಮೇಲೆ ಕಲಿತೆ. ಕಾಲು ಎತ್ತಬೇಡ, ಎಳೆ ಎಂದು ಲೀಡ್ ಹಿಂದಿನಿಂದ ಹೇಳುತ್ತಲೇ ಇದ್ದಳು. ಹೊರಡುವಾಗ ಚಳಿಯಾಗುವಷ್ಟೇ ಬಟ್ಟೆ ಇರಬೇಕು, ಬೆಚ್ಚಗಿದ್ದೀಯೆಂದರೆ ಜಾಸ್ತಿ ಹಾಕಿದ್ದೀಯ ಎಂದರ್ಥ, ಬೆವರಿದರೆ ನಿಂತಾಗ ಹೆಪ್ಪುಗಟ್ಟುತ್ತೀಯ ಎಂದಳು. ತೆಗೆದ ಸ್ಕಿನ್ನನ್ನು ಜಾಕೆಟ್ಟಿನೊಳಗೆ ಹೊಟ್ಟೆಗೆ ಒತ್ತಿ ಇಟ್ಟುಕೊಳ್ಳಬೇಕು, ಇಲ್ಲವಾದರೆ ಅಂಟು ಸತ್ತುಹೋಗುತ್ತದೆ. ಇಷ್ಟೆಲ್ಲ ಕಷ್ಟವಾಗಿದ್ದರೂ ಕಲಿಯಬಹುದಾದದ್ದು. ಇಳಿಯುವುದರಲ್ಲಿ ನಾನು ಹಾಸ್ಯಾಸ್ಪದಳಾಗಿದ್ದೆ, ಹತ್ತುವುದರಲ್ಲಿ ಪರವಾಗಿರಲಿಲ್ಲ.

ಹೆದರಿಕೆ ಹುಟ್ಟಿಸಿದ್ದು ಬೀಕನ್ ಅಭ್ಯಾಸ. ಎದೆಗೆ ಕಟ್ಟಿಕೊಳ್ಳುವ ಅಂಗೈಯಗಲದ ಪೆಟ್ಟಿಗೆ ಅದು. ಹಿಮ ಕುಸಿದು ಹೂತುಹೋದವರ ಬೀಕನ್ ಒಳಗಿಂದ ಸಂಜ್ಞೆ ಕೊಡುತ್ತದೆ, ಮೇಲಿರುವವರ ಬೀಕನ್ ಅದನ್ನು ಹುಡುಕುತ್ತದೆ. ಲೀಡ್ ಒಂದು ಬೀಕನ್ನನ್ನು ಚೀಲದಲ್ಲಿ ಕಟ್ಟಿ ಎಲ್ಲೋ ಹೂತಿಟ್ಟು ಹುಡುಕು ಎಂದಳು. ಪರದೆಯ ಮೇಲಿನ ಅಂಕಿ ಇಳಿಯುತ್ತ ಬಂದ ಕಡೆಗೆ ಓಡಿ, ಮೊಣಕಾಲೂರಿ, ಮಡಚುವ ಉದ್ದನೆಯ ಸರಳನ್ನು ಬಿಡಿಸಿ ಚುಚ್ಚಿ ಚುಚ್ಚಿ, ಚೀಲಕ್ಕೆ ತಗುಲಿದ ಮೇಲೆ ಸಲಿಕೆಯಿಂದ ಅಗೆದೆ. ಸಿಕ್ಕಿತು. ಚೀಲ ಎತ್ತಿ ಹಿಡಿದು ನಕ್ಕೆ. ಲೀಡ್ ಗಡಿಯಾರ ನೋಡಿ, ಚೆನ್ನಾಗಿ ಹುಡುಕಿದೆ, ಆದರೆ ಇಷ್ಟು ಹೊತ್ತಿಗೆ ಒಳಗಿದ್ದವನು ಸತ್ತಿದ್ದಾನೆ ಎಂದಳು. ಅವತ್ತು ಮನೆಗೆ ಬಂದು ಅಡಿಗೆ ಮಾಡಲು ಮನಸ್ಸಾಗಲಿಲ್ಲ.

ಅವಳದೊಂದು ನಿಯಮವಿತ್ತು. ದಾರಿಯಲ್ಲಿ ಮೊದಲೇ ಗೊತ್ತುಮಾಡಿದ ಜಾಗಗಳಲ್ಲಿ ನಿಲ್ಲಬೇಕು. ನಿಂತಲ್ಲಿ ಪ್ರತಿಯೊಬ್ಬರೂ ಹಿಂದಿನ ಜಾಗದಿಂದ ಇಲ್ಲಿಗೆ ಬರುವವರೆಗೆ ತಾನು ಕಂಡದ್ದು, ಕೇಳಿದ್ದು ಹೇಳಬೇಕು. ಎಲ್ಲರಿಗಿಂತ ಹೊಸಬರು ಮೊದಲು, ಅನುಭವಸ್ಥರು ಕೊನೆಗೆ. ದೊಡ್ಡವರು ಮೊದಲು ಬಾಯಿ ಬಿಟ್ಟರೆ ಹೊಸಬರು ಅದಕ್ಕೇ ತಲೆಯಾಡಿಸುತ್ತಾರೆ ಎಂಬುದು ಅವಳ ಕಾರಣ. ಯಾರೇ ಒಬ್ಬರು ಬೇಡ ಎಂದರೂ ಎಲ್ಲರೂ ಹಿಂದಿರುಗಬೇಕು. ಇದನ್ನು ಹೇಳಿಕೊಟ್ಟ ದಿನ ಮನೆಗೆ ಹೋಗುವಾಗ ಕಾರಿನಲ್ಲಿ, ಅಭ್ಯಾಸಕ್ಕೆ ಜೊತೆಗೆ ಬರುತ್ತಿದ್ದ ಸರ್ ನಗುತ್ತ, ಇದು ಒಳ್ಳೇ ತಮಾಷೆ, ನಮ್ಮಲ್ಲಾಗಿದ್ದರೆ ಮನೆಯ ಯಜಮಾನರು ಮಾತಾಡುವವರೆಗೆ ಎಲ್ಲರೂ ಕಾಯಬೇಕಿತ್ತು ಎಂದರು. ನಾನೂ ನಕ್ಕೆ.

ಜನವರಿಯ ಕೊನೆಗೆ ಒಂದು ವಾರ ಮೋಡವೇ ಇರಲಿಲ್ಲ. ಸಿಯಾಟಲ್ಲಿನಲ್ಲಿ ಚಳಿಗಾಲದ ಬಿಸಿಲು ಬಿದ್ದರೆ ಜನ ಆಫೀಸು ಬಿಟ್ಟು ಓಡುತ್ತಾರೆ, ನಾವು ಪಾಸಿಗೆ ಓಡಿದೆವು. ಹಿಮದ ಮೇಲೆಲ್ಲ ಇಬ್ಬನಿ ಹೆಪ್ಪುಗಟ್ಟಿ ಬೆರಳುದ್ದದ ಗರಿಗಳಾಗಿ ಎದ್ದಿತ್ತು. ತೆಳ್ಳಗೆ, ಪಾರದರ್ಶಕವಾಗಿ, ಸ್ಕೀ ತಾಗಿದರೆ ಗಾಜಿನ ಚೂರಿನ ಸದ್ದು. ಸರ್ ಮಂಡಿಯೂರಿ ಫೋಟೋ ತೆಗೆದರು. ಲೀಡ್ ಒಂದು ಗರಿಯನ್ನು ಕೈಗವಸಿನ ಮೇಲಿಟ್ಟುಕೊಂಡು, ಇದು ಹೀಗೇ ನಿಂತಿರುವಾಗ ಮೇಲೆ ಹೊಸ ಹಿಮ ಬಿದ್ದರೆ ಕೆಲಸ ಕೆಟ್ಟಿತು ಎಂದಳು. ಮೇಲೆ ಎಷ್ಟೇ ದಪ್ಪ ಹಿಮ ಬಿದ್ದರೂ ಅದು ನಿಲ್ಲುವುದು ಈ ಗರಿಗಳ ಮೇಲೆಯೇ. ಗರಿ ಮುರಿದರೆ ಮೇಲಿನದೆಲ್ಲ ಒಂದೇ ಹಲಗೆಯಾಗಿ ಜಾರುತ್ತದೆ. ಮಾರನೆಯ ದಿನದಿಂದ ಹಿಮ ಸುರಿಯತೊಡಗಿತು. ದಿನಗಟ್ಟಲೆ ಸುರಿಯಿತು.

ದಿನಾ ಬೆಳಿಗ್ಗೆ ಹಿಮಕುಸಿತದ ಮುನ್ಸೂಚನೆ ಓದುವುದು ನನಗೆ ಚಟವಾಯಿತು. ಅಪಾಯಕ್ಕೆ ಐದು ಮಟ್ಟ. ನಾಲ್ಕಿದ್ದದ್ದು ಒಂದು ಬೆಳಿಗ್ಗೆ ಮೂರಕ್ಕೆ ಇಳಿಯಿತು. ಆಚೆ ಇನ್ನೊಂದು ಬಿರುಗಾಳಿ ಬರುತ್ತಿತ್ತು. ಅದಕ್ಕೆ ಮುಂಚೆ ಕಂಬ ಮಾತಾಡಬೇಕೆಂದು ಅದರ ಅಂಕಿಗಳನ್ನು ನಂಬಿದ್ದವರು ಸರ್‌ಗೆ ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಬಿರುಗಾಳಿಯ ಮೊದಲೇ ಸರಿಮಾಡಿಸುತ್ತೇನೆಂದು ಸರ್ ಮಾತು ಕೊಟ್ಟುಬಿಟ್ಟಿದ್ದರು. ಲೀಡ್ ನಕಾಶೆ ಹರಡಿ, ದಾರಿ ಪೂರ್ತಿ ಒತ್ತಾದ ಮರಗಳ ನಡುವೆಯೇ ಇದೆ, ಒಂದೇ ಒಂದು ಬಯಲು ಇಳಿಜಾರು ಅಡ್ಡ ಬರುತ್ತದೆ, ಅದರ ಅಂಚಿನವರೆಗೆ ಹೋಗಿ ನೋಡೋಣ ಎಂದಳು. ಮೂರನೆಯ ಮಟ್ಟ ಎಂದರೆ ನಡುವಿನದು ಎಂದು ನಾನು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಜನ ಮೋಸ ಹೋಗುವುದು ಆ ಮೂರರಲ್ಲೇ ಎಂದು ಅವಳು ಸಾಮಾನು ಕಟ್ಟುತ್ತಲೇ ಹೇಳಿದಳು.

ಫೆಬ್ರವರಿಯ ಆ ಬೆಳಿಗ್ಗೆ ಈಸ್ಟ್‌ಗೇಟಿನ ಪಾರ್ಕ್ ಅಂಡ್ ರೈಡಿನಲ್ಲಿ ಕಾರುಗಳನ್ನು ಬಿಟ್ಟು ಆಫೀಸಿನ ವ್ಯಾನಿನಲ್ಲಿ ಹೊರಟೆವು. ಅಲ್ಲಿ ಸಣ್ಣ ಮಳೆ. ಪಾಸಿನಲ್ಲಿ ಮಳೆಯಿರಲಿಲ್ಲ, ಆದರೆ ಇರಬೇಕಾದ ಚಳಿಯೂ ಇರಲಿಲ್ಲ. ವ್ಯಾನಿನಿಂದ ಇಳಿದಾಗ ಮುಖಕ್ಕೆ ತಗುಲಿದ ಗಾಳಿ ಬೆಚ್ಚಗಿತ್ತು. ಹೊರಡುವಾಗ ಚಳಿಯಾಗಬೇಕು ಎಂದು ಕಲಿತಿದ್ದ ನನಗೆ ಅದು ಇಷ್ಟವಾಗಲಿಲ್ಲ. ಲೀಡ್ ನಮ್ಮ ಬೀಕನ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ, ಇಬ್ಬರ ಎದೆಪಟ್ಟಿಗೂ ರೇಡಿಯೋ ಸಿಕ್ಕಿಸಿದಳು. ನನ್ನ ಬೆನ್ನ ಮೇಲೆ ಲ್ಯಾಪ್‌ಟಾಪ್ ಮತ್ತು ಲಾಗರಿನ ಹೊಸ ಬೋರ್ಡು, ಸರ್ ಬೆನ್ನ ಮೇಲೆ ಬ್ಯಾಟರಿ.

ಮರಗಳ ನಡುವೆ ಮೊದಲ ಗಂಟೆಗಳು ಸರಾಗವಾಗಿ ಕಳೆದವು. ಲೀಡ್ ಮುಂದೆ ದಾರಿ ಮಾಡುತ್ತ, ಅವಳ ಗೆರೆಯಲ್ಲಿ ನಾನು, ನನ್ನ ಹಿಂದೆ ಸರ್. ಕೊಂಬೆಗಳಿಂದ ಹಿಮದ ಮುದ್ದೆಗಳು ಕಳಚಿ ಬೀಳುತ್ತಿದ್ದವು. ಬಿದ್ದಾಗಲೆಲ್ಲ ನಾನು ಬೆಚ್ಚುತ್ತಿದ್ದೆ, ಹಿಂದಿನಿಂದ ಸರ್ ಸಣ್ಣಗೆ ನಗುತ್ತಿದ್ದರು. ಸ್ಕಿನ್ನಿನ ಕೂದಲಿಗೆ ಒದ್ದೆ ಹಿಮ ಮೆತ್ತಿಕೊಂಡು ಸ್ಕೀ ಭಾರವಾಗುತ್ತಿತ್ತು. ನಿಂತು ಕೆರೆದು ಮತ್ತೆ ನಡೆಯಬೇಕಾಗುತ್ತಿತ್ತು. ಬೆಟ್ಟದಲ್ಲಿ ಒಂದು ಹಕ್ಕಿಯ ದನಿಯೂ ಇರಲಿಲ್ಲ. ಅಷ್ಟು ನಿಶ್ಶಬ್ದ ನನಗೆ ಹಿತವಾಗಿರಲಿಲ್ಲ.

ಇಳಿಜಾರಿಗೆ ಸ್ವಲ್ಪ ಮುಂಚೆ ಒಂದು ಸಣ್ಣ ದಿಬ್ಬ. ಅದರಾಚೆ ಇಳಿಜಾರಿನ ಅಂಚಿನಲ್ಲಿ ಒಂದಷ್ಟು ಹಳೆಯ ಮರಗಳ ಗುಂಪಿದೆ, ಅದು ನಾವು ನಿಲ್ಲಬೇಕಾದ ಜಾಗ. ಲೀಡ್ ಅಲ್ಲಿಗೆ ಮುಂದೆ ಹೋಗಿ ನೋಡುತ್ತೇನೆಂದು ದಿಬ್ಬ ದಾಟಿ ಮರೆಯಾದಳು. ನಾನು ಸ್ಕಿನ್ ಕೆರೆಯಲು ನಿಂತಿದ್ದವಳು ಮತ್ತೆ ಹೊರಟು ಎಡಗಾಲು ಎಳೆದೆ.

ಕಾಲ ಕೆಳಗೆ, ಆಳದಲ್ಲಿ, ದೊಪ್ಪೆಂದು ಒಂದು ಸದ್ದಾಯಿತು. ಪಕ್ಕದ ಕೋಣೆಯಲ್ಲಿ ಯಾರೋ ಅಕ್ಕಿ ಮೂಟೆ ಇಳಿಸಿದಂಥ ಸದ್ದು. ಅದರೊಂದಿಗೆ ನಾನು ನಿಂತಿದ್ದ ನೆಲವೆಲ್ಲ ಒಂದು ಕೂದಲೆಳೆಯಷ್ಟು ಕೆಳಗಿಳಿಯಿತು. ನನ್ನ ಸ್ಕೀ ಮೂತಿಯಿಂದ ಒಂದು ಬಿರುಕು ಹೊರಟು ಪಕ್ಕದ ಒಂದು ಪೊದೆಯವರೆಗೆ ಓಡಿತು. ಜಾಗ ಸಮತಟ್ಟಾಗಿದ್ದರಿಂದ ಏನೂ ಜಾರಲಿಲ್ಲ. ಲೀಡ್ ಪಾಠದಲ್ಲಿ ಹೇಳಿದ್ದಳು: ಹಿಮ ಕೂತ ಸದ್ದು ಕೇಳಿದರೆ ಒಳಗಿನ ಪದರ ಮುರಿಯಿತೆಂದು ತಿಳಿ, ಅದಕ್ಕಿಂತ ಸ್ಪಷ್ಟವಾಗಿ ಬೆಟ್ಟ ಏನನ್ನೂ ಹೇಳುವುದಿಲ್ಲ.  ಕೈ ರೇಡಿಯೋ ಕಡೆ ಹೋಯಿತು.

“ಸರ್, ಕೇಳಿಸ್ತಾ?” ಎಂದೆ.

“ಕೇಳಿಸ್ತು. ಇರು, ರೇಡಿಯೋ ಮುಟ್ಬೇಡ,” ಎಂದರು ಸರ್. ದನಿ ಎಂದಿನಂತೆ ಮೆತ್ತಗೇ ಇತ್ತು. “ನೋಡಮ್ಮ, ಇಲ್ಲಿ ಫ್ಲಾಟ್ ಇದೆ, ಹಿಂಗಾಗ್ತಾ ಇರತ್ತೆ. ಈಗ ಅವಳಿಗೆ ಹೇಳಿದ್ರೆ ಇಲ್ಲಿಂದ್ಲೇ ವಾಪಸ್ ಕರ್ಕೊಂಡ್ ಹೋಗ್ತಾಳೆ. ಆಮೇಲೆ ಆಫೀಸಲ್ಲಿ ಏನಂತಾರೆ ಗೊತ್ತಾ? ಇಂಡಿಯನ್ಸ್‌ನ ಕಳ್ಸಿದ್ವಿ, ಸ್ನೋ ಸದ್ದಿಗೆ ಹೆದರ್ಕೊಂಡ್ ಬಂದ್ರು ಅಂತಾರೆ. ನಿನ್ನ ನಂತ್ರ ಇನ್ಯಾರನ್ನೂ ಕಳ್ಸಲ್ಲ ಅವರು.”

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆಫೀಸಿನಲ್ಲಿ ಹಾಗೆಯೇ ಅನ್ನುತ್ತಿದ್ದರು. ಅವರು ನನಗಾಗಿ ಯಾರ್‍ಯಾರ ಬಾಗಿಲು ತಟ್ಟಿದ್ದರೆಂದೂ ನನಗೆ ಗೊತ್ತಿತ್ತು. ಆದರೆ ಸಿಟ್ಟು ಏರತೊಡಗಿತ್ತು, ಹೆದರಿಕೆಗಿಂತ ಬೇಗ ಏರುವ ಸಿಟ್ಟು. ಅಂಚಿನಲ್ಲಿ ನಿಂತಾಗ ನನ್ನ ಸರದಿ ಮೊದಲು ಬರುತ್ತದೆ, ಅಲ್ಲೇ ಹೇಳುತ್ತೇನೆ ಎಂದುಕೊಂಡು ಕೈ ಕೆಳಗಿಳಿಸಿ ನಡೆದೆ.

ಮರಗಳ ಗುಂಪಿನಲ್ಲಿ ಲೀಡ್ ಕಾಯುತ್ತಿದ್ದಳು. ಅವಳ ಮುಂದೆ ಇಳಿಜಾರು. ಮೇಲೆ ಮಂಜಿನಲ್ಲಿ ಎಲ್ಲಿಂದ ಶುರುವಾಗುತ್ತದೋ ಕಾಣುತ್ತಿರಲಿಲ್ಲ, ಕೆಳಗೆ ಒಂದು ಕಿರಿದಾದ ಕಣಿವೆಯ ಬಾಯಿಗೆ ಹೋಗಿ ಮುಗಿಯುತ್ತಿತ್ತು. ಒಂದು ಗೆರೆಯಿಲ್ಲ, ಗುರುತಿಲ್ಲ. ಆಚೆ ಬದಿಯ ಮರಗಳ ಮೇಲೆ ನಮ್ಮ ಕಂಬದ ತುದಿ ಮಾತ್ರ ಕಂಡಿತು. ಅಂಚಿನಲ್ಲಿ ಅವಳು ಅಗೆದು ನೋಡಿದ ಗುಂಡಿ ಇತ್ತು. ತನ್ನ ಮಾತನ್ನು ಕೊನೆಗೆ ಉಳಿಸಿಕೊಂಡು ಅವಳು ನನ್ನ ಕಡೆ ತಿರುಗಿದಳು. ನೀನು ಏನು ನೋಡಿದೆ, ಏನು ಕೇಳಿದೆ ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಸರ್ ಒಂದು ಹೆಜ್ಜೆ ಮುಂದೆ ಬಂದು, ಇಂಗ್ಲಿಷಿನಲ್ಲಿ, ನಾವಿಬ್ಬರೂ ಮಾತಾಡಿಕೊಂಡೆವು, ನಮ್ಮಿಬ್ಬರಿಗೂ ಎಲ್ಲ ಸರಿ ಕಾಣುತ್ತಿದೆ ಎಂದರು. ನಗುತ್ತ ಹೇಳಿದರು. ಮದುವೆ ಮಾತುಕತೆಯಲ್ಲಿ ಮನೆಯ ಹಿರಿಯರು ಎಲ್ಲರ ಪರವಾಗಿ ಹೇಳುವ ಹಾಗೆ ಹೇಳಿದರು. ಲೀಡ್ ನನ್ನ ಮುಖ ನೋಡಿದಳು.  ಹಿರಿಯರು ನನ್ನ ಪರವಾಗಿ ಮಾತಾಡಿದ ಮೇಲೆ ಅಲ್ಲೇ, ಪರರ ಎದುರಿಗೆ, ಅವರ ಮಾತನ್ನು ಕಡಿದು ಹಾಕುವುದು ನನ್ನ ಜೀವಮಾನದಲ್ಲಿ ಮಾಡಿದ ಕೆಲಸವಲ್ಲ. ನಾವು ನಮ್ಮ ಭಾಷೆಯಲ್ಲಿ ಚರ್ಚಿಸಿಯೇ ಬಂದಿದ್ದೇವೆಂದು ಅವಳು ನಂಬಿದಳು. ಯಾಕೆ ನಂಬಬಾರದು?

ಇಳಿಜಾರಿನ ಕೋನ ಅಳೆದಿದ್ದೇನೆ, ಜಾರುವಷ್ಟಿದೆ, ಅಂಚಿನಲ್ಲಿ ಅಗೆದು ನೋಡಿದ ಗುಂಡಿಯಲ್ಲಿ ಮಾತ್ರ ಆ ಗರಿಗಳ ಪದರ ಸಿಗಲಿಲ್ಲ ಎಂದು ತನ್ನದನ್ನು ಕೊನೆಗೆ ಹೇಳಿ ಅವಳು ವ್ಯವಸ್ಥೆ ತಿಳಿಸಿದಳು. ಒಬ್ಬೊಬ್ಬರೇ ದಾಟಬೇಕು. ಯಾರಾದರೂ ಹೂತುಹೋದರೆ ಎಲ್ಲರಿಗಿಂತ ಬೇಗ ಹುಡುಕಬಲ್ಲವಳು ತಾನಾದ್ದರಿಂದ ತಾನು ಇಲ್ಲಿ ನಿಂತು ನೋಡುತ್ತಿದ್ದು ಕೊನೆಗೆ ಬರುತ್ತೇನೆ ಎಂದಳು. ಮೊದಲು ತಾವು ಹೋಗುವುದಾಗಿ ಸರ್ ಹೇಳಿದರು. ಸ್ಕೀ ಕೋಲುಗಳ ಪಟ್ಟಿಯಿಂದ ಮಣಿಕಟ್ಟು ಬಿಡಿಸಿಕೊಂಡರು, ಬೆನ್ನಚೀಲದ ಸೊಂಟದ ಕೊಂಡಿ ಬಿಚ್ಚಿದರು. ಹಿಮ ಎಳೆದುಕೊಂಡು ಹೋದರೆ ಇವು ಮನುಷ್ಯನನ್ನು ಕೆಳಕ್ಕೆ ಜಗ್ಗುತ್ತವೆಂದು ಹಾಗೆ ಮಾಡುವುದು ಕ್ರಮ. ಆ ಕೊಂಡಿ ಕಳಚಿದ ಟಿಕ್ ಎಂಬ ಸದ್ದು ಕೇಳಿದ್ದೇ ನನಗೆ ಸ್ಪಷ್ಟವಾಯಿತು: ಈ ಮನುಷ್ಯ ಹೂತುಹೋಗಲು ತಯಾರಾಗುತ್ತಿದ್ದಾರೆ, ನಾನು ಮರ್ಯಾದೆಗೆ ಸುಮ್ಮನೆ ನಿಂತಿದ್ದೇನೆ.

ಕನ್ನಡದಲ್ಲಾಗಿದ್ದರೆ ನನ್ನ ಬಾಯಿಂದ ಅದು ಬರುತ್ತಿರಲಿಲ್ಲ. ಬೇಡಿ ಸರ್, ನೋಡಿ ಸರ್ ಎಂದು ಗೋಗರೆಯುತ್ತಿದ್ದೆ, ಅವರು ಏನಾಗಲ್ಲಮ್ಮ ಎಂದು ಹೊರಟುಬಿಡುತ್ತಿದ್ದರು. ಇಂಗ್ಲಿಷಿನಲ್ಲಿ ಅವರನ್ನು ಹೆಸರು ಹಿಡಿದು ಕರೆದೆ. ನಿಲ್ಲಿ ಎಂದೆ. ಲೀಡ್ ಕಡೆ ತಿರುಗಿ, ದಿಬ್ಬದ ಈಚೆ ನನ್ನ ಕಾಲ ಕೆಳಗೆ ಹಿಮ ಕೂತಿತು, ಸದ್ದು ಕೇಳಿದೆ, ಬಿರುಕು ಕಂಡೆ, ನಾನು ದಾಟುವುದಿಲ್ಲ, ನನ್ನದು ನೋ ಎಂದೆ. ದನಿ ನಡುಗುತ್ತಿತ್ತು. ನಡುಗಿದ್ದಕ್ಕೂ ಸಿಟ್ಟು ಬಂತು.

ಲೀಡ್ ಸರ್ ಕಡೆ ನೋಡಿದಳು. ನಿಮಗೂ ಕೇಳಿಸಿತೇ ಎಂದು ಕೇಳಿದಳು. ಸರ್ ನನ್ನನ್ನು ನೋಡಲಿಲ್ಲ. ಇಲ್ಲ, ನನಗೇನೂ ಕೇಳಿಸಲಿಲ್ಲ, ಕೊಂಬೆಯಿಂದ ಹಿಮ ಬಿದ್ದಿರಬೇಕು, ಬೆಳಗಿನಿಂದ ಅವಳು ಅದಕ್ಕೆಲ್ಲ ಬೆಚ್ಚುತ್ತಲೇ ಇದ್ದಾಳೆ ಎಂದರು.

ಅವರು ಅಷ್ಟು ಸಲೀಸಾಗಿ ಹೇಳಿದ್ದು ಕೇಳಿ ಕ್ಷಣಕಾಲ ನನಗೇ ಅನುಮಾನವಾಯಿತು. ಲೀಡ್ ಏನೂ ವಾದ ಮಾಡಲಿಲ್ಲ. ಒಂದು ನೋ ಸಾಕು ಎಂದಳು, ಸ್ಕೀ ತಿರುಗಿಸಿದಳು. ದಿಬ್ಬದ ಬಳಿ ಬಿರುಕು ತೋರಿಸೋಣವೆಂದರೆ ಅಷ್ಟರಲ್ಲಿ ಕೊಂಬೆಯ ಹಿಮ ಬಿದ್ದು, ನಮ್ಮದೇ ಸ್ಕೀ ಗೆರೆಗಳು ಕಲಸಿ, ಗುರುತು ಹಿಡಿಯುವ ಹಾಗಿರಲಿಲ್ಲ.

ಸ್ಕಿನ್ ಕಿತ್ತು, ಹಿಮ್ಮಡಿ ಬಿಗಿದು, ಒದ್ದೆ ಹಿಮದಲ್ಲಿ ಮರಗಳ ನಡುವೆ ಇಳಿದೆವು. ನಾನು ಎಷ್ಟು ಸಲ ಬಿದ್ದೆನೋ ಲೆಕ್ಕವಿಲ್ಲ. ಸರ್ ಪ್ರತಿ ತಿರುವಿನಲ್ಲೂ ನನಗಾಗಿ ನಿಂತು ಕಾದರು. ಬಿದ್ದಾಗ ಕೋಲು ಎತ್ತಿ ಕೊಟ್ಟರು.  ಬೈದಿದ್ದರೆ ಸಹಿಸಬಹುದಿತ್ತು. ವ್ಯಾನಿನ ಹಿಂದೆ ಬೂಟು ಬಿಚ್ಚುವಾಗ, ಲೀಡ್ ಆಚೆ ಇದ್ದಾಗ, ಒಂದೇ ಮಾತು ಹೇಳಿದರು.

“ನಮ್ಮ ನಮ್ಮಲ್ಲಿ ಆಡಿದ್ ಮಾತನ್ನ ಹೊರಗೆ ಹಾಕ್ಬಿಟ್ಯಲ್ಲಮ್ಮ.”

ಅದಾದ ಮೇಲೆ ಅವರು ನನ್ನ ಜೊತೆ ಕನ್ನಡ ಮಾತಾಡಲಿಲ್ಲ. ಕಾರಿಡಾರಿನಲ್ಲಿ ಸಿಕ್ಕರೆ ಇಂಗ್ಲಿಷಿನಲ್ಲಿ ಗುಡ್ ಮಾರ್ನಿಂಗ್, ಕಾಫಿ ಮೆಷೀನಿನ ಮುಂದೆ ಇಂಗ್ಲಿಷಿನಲ್ಲಿ ಹವಾಮಾನ. ನಾನು ‘ಊಟ ಆಯ್ತಾ ಸರ್’ ಎಂದರೆ ‘ಯೆಸ್, ಥ್ಯಾಂಕ್ಸ್’ ಎಂಬ ಉತ್ತರ. ಮೀಟಿಂಗಿನಲ್ಲಿ, ತಂಡದ ಒಬ್ಬರಿಗೆ ಧೈರ್ಯ ಸಾಲದೆ ಹಿಂದಿರುಗಬೇಕಾಯಿತು ಎಂದು ವರದಿ ಮಾಡಿದರು. ಆ ಒಬ್ಬರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ನನ್ನ ಪಕ್ಕದವನು ಪಾಪ, ಮೊದಲ ಸಲ ಹಾಗಾಗುತ್ತದೆ ಎಂದು ಸಮಾಧಾನ ಮಾಡಿದ. ನನಗೆ ಅಳು ಬರುವಷ್ಟು ಅವಮಾನವಾಯಿತು. ಅದಕ್ಕಿಂತ ಹೆಚ್ಚು ನೋಯಿಸಿದ್ದು ಆ ‘ಯೆಸ್, ಥ್ಯಾಂಕ್ಸ್.’ ಆ ಆಫೀಸಿನಲ್ಲಿ ನನ್ನನ್ನು ‘ನೋಡಮ್ಮ’ ಎನ್ನಲು ಇದ್ದವರು ಅವರೊಬ್ಬರೇ.

ಬಿರುಗಾಳಿ ಬಂದು ಹೋಯಿತು. ಆಮೇಲೆ ಗಟ್ಟಿ ಚಳಿ ಹಿಡಿದು ಮುನ್ಸೂಚನೆಯ ಅಪಾಯದ ಮಟ್ಟ ಇಳಿಯುತ್ತ ಬಂತು. ತಿಂಗಳ ಕೊನೆಗೆ ಅದೇ ಮೂವರು ಮತ್ತೆ ಹೊರಟೆವು. ಈ ಸಲ ಮುಖ ಕೊರೆಯುವ ಚಳಿ, ತಿಳಿ ಆಕಾಶ. ದಾರಿಯುದ್ದಕ್ಕೂ ಸರ್ ನನ್ನ ಹಿಂದೆಯೇ ಇದ್ದರು, ಅವರ ಉಸಿರು ಕೇಳುತ್ತಿತ್ತು, ಅಷ್ಟೇ. ದಿಬ್ಬ ದಾಟಿ ಮರಗಳ ಗುಂಪಿಗೆ ಬಂದಾಗ ಮುಂದೆ ಹೋಗಿದ್ದ ಲೀಡ್ ಕೋಲಿನ ಮೇಲೆ ಭಾರ ಬಿಟ್ಟು ಸುಮ್ಮನೆ ನಿಂತಿದ್ದಳು.

ಇಳಿ​ಜಾರು ಅಲ್ಲಿರಲಿಲ್ಲ. ಅಂದರೆ ಬೆಟ್ಟ ಇತ್ತು, ಅದರ ಮೇಲಿನ ಹಿಮ ಹೋಗಿತ್ತು. ಮೇಲೆ, ಈ ಬದಿಯಿಂದ ಆ ಬದಿಯವರೆಗೆ, ಚಾಕುವಿನಿಂದ ಕತ್ತರಿಸಿದಂತೆ ಒಂದು ನೇರ ಗೋಡೆ. ಅದರ ಕೆಳಗಿನದೆಲ್ಲ ಕಿತ್ತುಕೊಂಡು ಹೋಗಿ ಕಣಿವೆಯ ಬಾಯಲ್ಲಿ ರಾಶಿ ಬಿದ್ದಿತ್ತು. ರಾಶಿಯೊಳಗಿಂದ ಮುರಿದ ಮರಗಳ ಬೇರು ಹೊರಚಾಚಿದ್ದವು. ಎಲ್ಲದರ ಮೇಲೂ ಹೊಸ ಹಿಮದ ತೆಳು ಹೊದಿಕೆ. ಗೋಡೆಯ ಈ ಬದಿಯ ತುದಿ ನಮ್ಮ ಮರಗಳ ಪಕ್ಕದಲ್ಲೇ ಮುಗಿದಿತ್ತು. ಲೀಡ್ ಅಲ್ಲಿಗೆ ಹೋಗಿ ಮಂಡಿಯೂರಿ, ಗೋಡೆಯ ಬುಡವನ್ನು ಕೈಗವಸಿನಿಂದ ಮೆಲ್ಲಗೆ ಸವರಿ ನೋಡಿದಳು. ಗರಿಗಳು ಅಲ್ಲಿದ್ದವು, ಮುರಿದು ಮಲಗಿದ್ದವು. ಅಂಚಿನಲ್ಲಿ ಅಗೆದ ಗುಂಡಿಯಲ್ಲಿ ಅವು ಸಿಕ್ಕಿರಲಿಲ್ಲ, ಅದರಿಂದ ನಾಲ್ಕು ಹೆಜ್ಜೆ ಆಚೆ ಇದ್ದವು. ಅದನ್ನು ನೋಡಿ ಅವಳ ಮುಖ ಬಿಳಿಚಿತು.

ಯಾವತ್ತು ಬಿದ್ದಿರಬಹುದು ಎಂದು ನಾನು ಕೇಳಿದೆ. ಹೇಳಲಾಗುವುದಿಲ್ಲ ಎಂದಳು. ನಾವು ಹಿಂದಿರುಗಿದ ಮಧ್ಯಾಹ್ನ ಇರಬಹುದು, ಬಿರುಗಾಳಿಯಲ್ಲಿ ಇರಬಹುದು, ಅದಾದ ಮೇಲೂ ಇರಬಹುದು. ನಮ್ಮ ಭಾರಕ್ಕೆ ಬೀಳುತ್ತಿತ್ತೋ ಇಲ್ಲವೋ ಅದನ್ನೂ ಯಾರೂ ಹೇಳಲಾರರು. ಇಷ್ಟು ಹೇಳಿ, ಈಗ ಜಾರಲು ಉಳಿದಿರುವುದು ಕಡಿಮೆ, ಆದರೂ ಆಚೆ ಬದಿ ನೋಡಿ ಬರುತ್ತೇನೆ ಎಂದು ಅಂಚಿನ ಗುಂಟ ಸ್ವಲ್ಪ ಮೇಲಕ್ಕೆ ಹೋದಳು.

ಸರ್ ಗೋಡೆಯ ಪಕ್ಕ ಹೋಗಿ ನಿಂತರು. ಹಿಮದ ಅಂಚು ಅವರ ಗಲ್ಲದ ಮಟ್ಟಕ್ಕೆ ಬಂತು. ಕೈಗವಸು ತೆಗೆದು ಬರಿಗೈಯನ್ನು ಗೋಡೆಗೆ ಒತ್ತಿ ಹಿಡಿದರು. ಬಹಳ ಹೊತ್ತು ಹಾಗೇ ಇದ್ದರು. ಕೈ ಮರಗಟ್ಟುತ್ತದೆ ತೆಗೆಯಿರಿ ಎನ್ನಬೇಕೆನ್ನಿಸಿತು, ಯಾವ ಭಾಷೆಯಲ್ಲಿ ಎನ್ನಬೇಕೋ ತಿಳಿಯದೆ ಸುಮ್ಮನಿದ್ದೆ.

“ಅವತ್ತು ಮೊದ್ಲು ಹೋಗ್ತಿದ್ದದ್ದು ನಾನು, ಅಲ್ವೇನಮ್ಮ?” ಎಂದರು. ಆ ವಾರಗಳಲ್ಲಿ ನಾನು ಅವರಿಂದ ಕೇಳಿದ ಮೊದಲ ಕನ್ನಡ.

“ಹೌದು ಸರ್.”

“ನನಗೂ ಕೇಳಿಸಿತ್ತು.”

ನನಗೆ ಒಮ್ಮೆಗೇ ಅಳುವೂ ಸಿಟ್ಟೂ ಉಕ್ಕಿ ಬಂದವು. ‘ಅಮ್ಮ’ ಎಂದು ಕರೆದರಲ್ಲ ಎಂದು ಅಳು. ಅದನ್ನೂ ಮತ್ತೆ ನಮ್ಮಿಬ್ಬರ ನಡುವೆಯೇ, ಯಾರಿಗೂ ತಿಳಿಯದ ಹಾಗೆ ಮುಗಿಸುತ್ತಿದ್ದಾರಲ್ಲ ಎಂದು ಸಿಟ್ಟು.

“ನನಗೆ ಗೊತ್ತು ಸರ್,” ಎಂದೆ. “ನನಗ್ಯಾಕೆ ಹೇಳ್ತೀರ? ಅವಳಿಗೆ ಹೇಳಿ.”

ಅವರು ನನ್ನ ಮುಖ ನೋಡಿದರು. ಇನ್ನು ಜನ್ಮದಲ್ಲಿ ನನ್ನ ಜೊತೆ ಮಾತಾಡುವುದಿಲ್ಲ ಎಂದುಕೊಂಡೆ. ಆಮೇಲೆ ಅವರು ಕೈಗವಸು ಹಾಕಿಕೊಂಡು, ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಹೆಜ್ಜೆ ಎಳೆಯುತ್ತ ಲೀಡ್ ಇದ್ದಲ್ಲಿಗೆ ಹೋದರು. ಗಾಳಿ ಆ ಕಡೆಗೆ ಬೀಸುತ್ತಿದ್ದರಿಂದ ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಚಿಕ್ಕ ಮಾತಾಗಿರಲಿಲ್ಲ. ಲೀಡ್ ನಡುವೆ ಒಮ್ಮೆ ತಿರುಗಿ ನನ್ನನ್ನು ನೋಡಿದಳು.

ಇಬ್ಬರೂ ಮರಗಳ ಗುಂಪಿಗೆ ಹಿಂದಿರುಗಿದರು. ಲೀಡ್ ಆ ವಿಷಯ ಎತ್ತಲಿಲ್ಲ. ನನ್ನ ಎದುರು ನಿಂತು, ಬೆಳಗಿನಿಂದ ಇಲ್ಲಿಯವರೆಗೆ ನೀನು ಏನೇನು ನೋಡಿದೆ, ಏನೇನು ಕೇಳಿದೆ ಎಂದು ಕೇಳಿದಳು. ನಾನು ವ್ಯಾನಿನಿಂದ ಇಳಿದಲ್ಲಿಂದ ಶುರುಮಾಡಿ, ಹೇಳಲು ಯೋಗ್ಯವೋ ಅಲ್ಲವೋ ಎಂದು ನೋಡದೆ ಎಲ್ಲವನ್ನೂ ಹೇಳಿದೆ. ಸರ್ ನನ್ನ ಪಕ್ಕದಲ್ಲಿ ನಿಂತು, ಕೊನೆಯವರೆಗೂ ಕೇಳುತ್ತ, ತಮ್ಮ ಸರದಿಗೆ ಕಾದರು.